ನಮ್ಮ ಅಂಗಳದ ದೇವದಾರು

ಆಳಂದದ ನಮ್ಮ ಮನೆಯ ಅಂಗಳದಲ್ಲಿ, ಬಾವಿಕಟ್ಟೆಯ ಮಗ್ಗುಲಿಗೆ ಒಂದು ದೇವದಾರು ಗಿಡವಿದೆ. ನಮ್ಮ ಕಡೆ ಮರಕ್ಕೂ ಗಿಡವೆಂದೇ ಅನ್ನುವುದು. ಬೇವಿನ ಗಿಡ, ಹುಣಸೆ ಗಿಡ, ಹಾಗೆಯೇ ದೇವದಾರ ಗಿಡ. 1996ರಲ್ಲಿ ನಮ್ಮಣ್ಣ ಅದನ್ನು ಸೊಲ್ಲಾಪುರದಿಂದ ತಂದು ನೆಟ್ಟಿದ್ದ. ಆತ ಮಿಲಿಟರಿಯಲ್ಲಿ ಗಾಡಿ ಓಡಿಸುತ್ತಿದ್ದ. ಅದಕ್ಕೂ ಮುಂಚೆ ಮೂರು ವರ್ಷ ಹಿಮಾಚಲದ ಕಡೆ ಇದ್ದ. ರಜೆಗೆ ಬಂದಾಗಲೆಲ್ಲ ಅಲ್ಲಿನ ಹಿಮ, ತಿರುವು ರಸ್ತೆ, ಮುಗಿಲಿಗೆ ಮುಟ್ಟಿದ ದೇವದಾರು ಗಿಡಗಳ ಸುದ್ದಿಯನ್ನೇ ಹೇಳುತ್ತಿದ್ದ. ಅವ್ವ ರೊಟ್ಟಿ ಬಡಿಯುತ್ತ, 'ನಮಗೂ ಒಮ್ಮೆ ತೋರ್ಸಪಾ' ಅನ್ನುತ್ತಿದ್ದಳು. ಕರೆದುಕೊಂಡು ಹೋಗುವುದು ಆಗಲಿಲ್ಲ. ಅದರ ಬದಲು ಗಿಡವೇ ಮನೆಗೆ ಬಂತು. 2011ರಲ್ಲಿ ಅಣ್ಣ ಜಡ್ಡಿನಿಂದ ತೀರಿಕೊಂಡ. ಗಿಡ ಉಳಿಯಿತು.

ನಾನು ಜೇವರ್ಗಿಯಲ್ಲಿ ಇತಿಹಾಸದ ಮೇಷ್ಟ್ರು. ಕೆಲವು ವರ್ಷಗಳ ಹಿಂದೆ ಪದವಿ ತರಗತಿಯ ಹುಡುಗರಿಗೆ ಒಂದು ಕೆಲಸ ಹಚ್ಚಿದ್ದೆ: 'ನಿಮ್ಮೂರಿನ ಒಂದು ಗಿಡದ ಇತಿಹಾಸ ಬರೆದು ತನ್ನಿ.' ರಾಜರ ಇಸವಿಗಳನ್ನು ಬಾಯಿಪಾಠ ಮಾಡಿದವರಿಗೆ ಊರಿನ ಗಿಡಕ್ಕೂ ಇತಿಹಾಸ ಇರುತ್ತದೆ ಎಂದು ಗೊತ್ತಾಗಲಿ ಅಂತ. ಉದಾಹರಣೆಗೆಂದು ನಮ್ಮ ಮನೆಯ ಗಿಡದ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದೆ. ಹಿಮಾಲಯದ ದೇವದಾರು ಕಲಬುರಗಿ ಜಿಲ್ಲೆಗೆ ಬಂದ ಕಥೆಯನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಹಿಂದಿನ ಬೆಂಚಿನವರು 'ದೇವ ದಾರೂ' ಎಂದು ಬಿಡಿಸಿ ಹೇಳಿ ನಕ್ಕರು. ಅಫಜಲಪುರ ಕಡೆಯ ಒಬ್ಬ ಹುಡುಗ ಮಾತ್ರ ನಗಲಿಲ್ಲ. ತರಗತಿ ಮುಗಿದ ಮೇಲೆ ಬಂದು, 'ಸರ, ತಪ್ಪ ತಿಳ್ಕೋಬ್ಯಾಡ್ರಿ. ಇದು ದೇವದಾರ ಅಲ್ರಿ, ಮೋರಪಂಖಿ ಅದ. ನಮ್ಮ ಮಾಮಾ ನರ್ಸರಿ ಇಟ್ಟಾರ್ರಿ, ನಾ ದಿನಾ ನೋಡ್ತೀನಿ' ಅಂದ.

ನನಗೆ ಮುಖ ಸಣ್ಣದಾಯಿತು. ಕಾರಣ ಬರೀ ಮೇಷ್ಟ್ರ ಮರ್ಯಾದೆಯದಲ್ಲ. ಆ ಹೊತ್ತಿಗೆ ಗಿಡ ಸಾಯತೊಡಗಿತ್ತು. 2020ರ ಅಕ್ಟೋಬರಿನ ಆ ಭಾರಿ ಮಳೆ, ಭೀಮೆಯ ಮಹಾಪೂರ ಎಲ್ಲರಿಗೂ ನೆನಪಿದೆ. ಅದಾದ ಮರುವರ್ಷದಿಂದ ಗಿಡದ ಒಂದು ಮಗ್ಗುಲು ಕಂದುಬಣ್ಣಕ್ಕೆ ತಿರುಗಿತ್ತು. ಅವ್ವ ದಿನಕ್ಕೆರಡು ಬಾರಿ ಕೊಡ ಕೊಡ ನೀರು ಸುರಿಯುತ್ತಿದ್ದಳು. 'ಥಂಡಿ ದೇಶದ ಗಿಡ, ನಮ್ಮ ಬಿಸಲಾಗ ಹ್ಯಾಂಗ ತಾಳಬೇಕು' ಎಂಬುದು ಆಕೆಯ ಲೆಕ್ಕ. ಆ ಲೆಕ್ಕವನ್ನು ಆಕೆಗೆ ಕೊಟ್ಟವನು ನಾನೇ. ಗಿಡ ಯಾವುದೆಂದು ಗೊತ್ತಾಗದೆ ಅದರ ಜಡ್ಡು ಗೊತ್ತಾಗುವುದಿಲ್ಲ. ಹಾಗಾಗಿ ದೇವದಾರು ಅಂದರೆ ಯಾವುದು ಎಂದು ಮೊದಲಿನಿಂದ ಹುಡುಕತೊಡಗಿದೆ.

ಮೊದಲು ಹೆಸರು. ಸಂಸ್ಕೃತದ 'ದಾರು' ಎಂದರೆ ಕಟ್ಟಿಗೆ, ಮರ. ಗ್ರೀಕಿನಲ್ಲಿ ಓಕ್ ಮರಕ್ಕಿರುವ 'ದ್ರೂಸ್', ಇಂಗ್ಲಿಷಿನ 'ಟ್ರೀ' ಎಲ್ಲವೂ ಅದೇ ಬೇರಿನಿಂದ ಚಿಗುರಿದ ಪದಗಳು. ದೇವದಾರು ಎಂದರೆ ದೇವರ ಮರ. ಕಾಳಿದಾಸ 'ರಘುವಂಶ'ದ ಎರಡನೆಯ ಸರ್ಗದಲ್ಲಿ ಒಂದು ದೇವದಾರುವಿನ ಪ್ರಸಂಗ ತರುತ್ತಾನೆ. ನಂದಿನಿ ಹಸುವನ್ನು ಕಾಯುತ್ತ ಹಿಮಾಲಯದ ಗವಿಯ ಬಳಿಗೆ ಬಂದ ದಿಲೀಪನಿಗೆ ಒಂದು ಸಿಂಹ ಎದುರಾಗುತ್ತದೆ. ಎದುರಿಗಿದ್ದ ದೇವದಾರುವನ್ನು ತೋರಿಸಿ, ಇದನ್ನು ಶಿವ ಮಗನೆಂದು ದತ್ತು ತೆಗೆದುಕೊಂಡಿದ್ದಾನೆ, ಪಾರ್ವತಿ ಬಂಗಾರದ ಕೊಡದಿಂದ ನೀರೆರೆದು ಸಾಕಿದ್ದಾಳೆ ಎನ್ನುತ್ತದೆ. ಒಮ್ಮೆ ಕಾಡಾನೆಯೊಂದು ಕಪೋಲ ತಿಕ್ಕಿ ಅದರ ತೊಗಟೆ ಸುಲಿದಾಗ, ಅಸುರರ ಬಾಣದಿಂದ ಸ್ಕಂದನಿಗೇ ಗಾಯವಾದಂತೆ ಪಾರ್ವತಿ ಅತ್ತಳಂತೆ. ಅಂದಿನಿಂದ ಕಾವಲಿಗೆ ನಿಂತ ಸಿಂಹ ಅದು, ಕುಂಭೋದರ. ಕೊಡ ಹಿಡಿದು ಗಿಡಕ್ಕೆ ನೀರೆರೆಯುವ ತಾಯಿಯ ಈ ಚಿತ್ರವನ್ನು ಓದುವಾಗ ನನಗೆ ನಮ್ಮ ಬಾವಿಕಟ್ಟೆ ಕಣ್ಣಿಗೆ ಬಂತು.

ಈ ಮರವನ್ನು ಪಾಶ್ಚಾತ್ಯ ಸಸ್ಯಶಾಸ್ತ್ರ ಗುರುತಿಸಿದ್ದು ಬಹಳ ತಡವಾಗಿ. ಕಲ್ಕತ್ತದ ಸಸ್ಯೋದ್ಯಾನದಲ್ಲಿ ದುಡಿದ ವಿಲಿಯಂ ರಾಕ್ಸ್‌ಬರ್ಗ್ ಇದನ್ನು ಪೈನ್ ಜಾತಿಗೆ ಸೇರಿಸಿದ್ದ. 1830ರಲ್ಲಿ ಜಾರ್ಜ್ ಡಾನ್ ಅದನ್ನು ಸೀಡರ್ ಕುಲಕ್ಕೆ ತಂದು 'ಸೀಡ್ರಸ್ ಡಿಯೋಡಾರ' ಎಂದು ನಿಲ್ಲಿಸಿದ. ನಮ್ಮ ದೇವದಾರುವೇ ಲ್ಯಾಟಿನ್ ವೇಷ ತೊಟ್ಟು ಡಿಯೋಡಾರ ಆಯಿತು. 1831ರಲ್ಲಿ ಅದರ ಬೀಜ ಇಂಗ್ಲೆಂಡಿಗೆ ಹೋಯಿತು. ಇಳಿಬಿದ್ದ ಕೊಂಬೆಗಳ ಚೆಲುವಿಗೆ ಮರುಳಾದ ಶ್ರೀಮಂತರು ಅದನ್ನು ತಮ್ಮ ಬಂಗಲೆಗಳ ಹುಲ್ಲುಹಾಸಿನಲ್ಲಿ ನೆಟ್ಟರು. ಇತ್ತ ಇದೇ ಮರ ಸಾಲುಸಾಲಾಗಿ ಉರುಳಿ, ಪಂಜಾಬಿನ ನದಿಗಳಲ್ಲಿ ತೇಲಿ ಬಂದು, ರೈಲುಹಳಿಗಳ ಕೆಳಗಿನ ಸ್ಲೀಪರ್ ಆಯಿತು. ಅದರ ಎಣ್ಣೆಗೆ ಹುಳ ಹತ್ತುವುದಿಲ್ಲ, ನೀರಿಗೆ ಬೇಗ ಕೊಳೆಯುವುದಿಲ್ಲ. ಶ್ರೀನಗರದ ಜಾಮಿಯಾ ಮಸೀದಿಯ ಸುಮಾರು 370 ಕಂಬಗಳು ದೇವದಾರುವಿನವೇ.

ಲೆಬನಾನಿನ ಸೀಡರ್ ಇದರ ದಾಯಾದಿ. ತೂರ್ ದೇಶದ ಅರಸ ಹೀರಾಮ ಸೊಲೊಮೋನನ ದೇವಾಲಯಕ್ಕೆ ಕಳಿಸಿದ ಮರ ಅದು. ಮೆಸೊಪೊಟೇಮಿಯದ ಗಿಲ್ಗಮೇಶ್ ಮಹಾಕಾವ್ಯದಲ್ಲಿ ನಾಯಕ ಕಡಿಯಲು ಹೋಗುವುದೂ ಸೀಡರ್ ಕಾಡನ್ನೇ. ಕನ್ನಡ ಬೈಬಲಿನಲ್ಲಿ ಆ ಮರವೂ 'ದೇವದಾರು' ಎಂದೇ ಬಂದಿದೆ. ಕಾಳಿದಾಸನ ಮರದ ಹೆಸರು ಹೀಗೆ ಲೆಬನಾನಿನ ಮರಕ್ಕೂ ಸಂದಿತು. ಮರವನ್ನು ಕಾಣದ ನಾಡಿನಲ್ಲಿ ಹೆಸರು ಹೇಗೆ ಓಡಾಡುತ್ತದೆ ನೋಡಿ.

ಈ ಹೆಸರು ಇನ್ನೂ ಎಲ್ಲೆಲ್ಲಿಗೆ ಹೋಯಿತೆಂದು ಹುಡುಕಿದಷ್ಟೂ ನನ್ನ ಗೊಂದಲ ಹೆಚ್ಚಿತು. ಬಂಗಾಳದಲ್ಲಿ 'ದೇಬದಾರು' ಎಂದರೆ ನಮ್ಮ ಶಾಲೆ, ಕಚೇರಿಗಳ ಕಂಪೌಂಡಿನಲ್ಲಿ ಕಂಬದಂತೆ ನಿಂತಿರುವ, ನಾವು ಅಶೋಕ ಎಂದು ತಪ್ಪಾಗಿ ಕರೆಯುವ ಗಿಡ. ನಿಜವಾದ ಅಶೋಕ, ಕೆಂಪು ಕಿತ್ತಳೆ ಹೂಗೊಂಚಲಿನ ಸೀತಾ ಅಶೋಕ, ಬೇರೆಯೇ ಇದೆ. ಹಾಗಾದರೆ ಆ ಕಂಬದ ಗಿಡಕ್ಕೆ ನಾವೊಂದು ತಪ್ಪು ಹೆಸರು ಇಟ್ಟಿದ್ದೇವೆ, ಬಂಗಾಳಿಗಳು ಇನ್ನೊಂದು.

ನಮ್ಮ ಕಡೆ ಹಳೆಯ ವ್ಯಾಪಾರಿಗಳ ಬಾಯಲ್ಲಿ ದೇವದಾರು ಎಂದರೆ ಗಿಡವೇ ಅಲ್ಲ, ಪೆಟ್ಟಿಗೆ. 1871ರಲ್ಲಿ ಮುಂಬೈ ಕಡೆಯ ರೈಲುಮಾರ್ಗ ರಾಯಚೂರಿನಲ್ಲಿ ಮದ್ರಾಸ್ ಮಾರ್ಗವನ್ನು ಕೂಡಿದ ಮೇಲೆ ಸೊಲ್ಲಾಪುರ, ಕಲಬುರಗಿಯ ಪೇಟೆಗಳಿಗೆ ದೂರದ ಸರಕು ಬರತೊಡಗಿತು. ತೆಳು ಹಲಗೆಯ ಆ ಸರಕಿನ ಪೆಟ್ಟಿಗೆಗಳಿಗೆ ಮರಾಠಿಯಲ್ಲಿ ದೇವದಾರಿನ ಖೋಕೆ ಎನ್ನುತ್ತಾರೆ. ನಮ್ಮಜ್ಜನ ಕಿರಾಣಿ ಅಂಗಡಿಯಲ್ಲಿ ಗಲ್ಲೆಯ ಕೆಳಗಿದ್ದದ್ದೂ 'ದೇವದಾರ ಡಬ್ಬಿ'ಯೇ. ಅದು ಯಾವ ದೇಶದ ಯಾವ ಮರವೋ ಯಾರೂ ಕೇಳಿದವರಲ್ಲ. ಹಗುರಾಗಿದ್ದ, ತಿಳಿಬಣ್ಣದ, ಹೊರಗಿನಿಂದ ಬಂದ ಹಲಗೆಯೆಲ್ಲ ದೇವದಾರವೇ ಆಗಿತ್ತು. ಇನ್ನು ಆಯುರ್ವೇದದಲ್ಲಿ ದೇವದಾರು ಬಾಣಂತಿಯರ ಕಷಾಯಕ್ಕೆ ಬೇಕಾದ ಕಟ್ಟಿಗೆ. ದೇವದಾರ್ವಾದಿ ಕಷಾಯದ ಹೆಸರೇ ಅದರಿಂದ ಬಂದದ್ದು.

ಆದರೆ ಕನ್ನಡ ನಾಡಿಗೆ ತನ್ನದೇ ಆದ ಒಂದು ದೇವದಾರು ಇದೆ ಎಂಬುದು ನನಗೆ ಗೊತ್ತಿರಲಿಲ್ಲ. ತುಮಕೂರು, ಚಿತ್ರದುರ್ಗದ ಕಡೆಯ ಒಣ ಕುರುಚಲು ಕಾಡುಗಳಲ್ಲಿ, ಕಲ್ಲುಗುಡ್ಡಗಳಲ್ಲಿ ಬೆಳೆಯುವ ಸಣ್ಣ ಮರ. ಸಸ್ಯಶಾಸ್ತ್ರದಲ್ಲಿ ಎರಿತ್ರಾಕ್ಸಿಲಮ್ ಮೋನೋಗೈನಮ್. ಕೊಕೇನ್ ಕೊಡುವ ಕೋಕಾ ಗಿಡದ ಕುಲದ್ದು, ಸೀಡರಿಗೂ ಇದಕ್ಕೂ ಯಾವ ನಂಟೂ ಇಲ್ಲ. ಅಗಲ ತುದಿಯ ಚಿಕ್ಕ ಎಲೆ, ಸಣ್ಣ ಬಿಳಿ ಹೂ, ಕೆಂಪು ಹಣ್ಣು. ಅದರ ಚೇಗು ಘಮಘಮಿಸುತ್ತದೆ. ಆ ಘಮಕ್ಕೇ ಅದಕ್ಕೆ ದೇವದಾರು ಎಂಬ ಹೆಸರು ಬಂದಿರಬೇಕು. ಅದೇ ಘಮದಿಂದಾಗಿ ಶ್ರೀಗಂಧದ ಜೊತೆ ಕಲಬೆರಕೆಗೂ ಅದನ್ನು ಕಡಿದರು. ಕಾಳಿದಾಸನ ದೇವದಾರುವಿಗೆ ಸಿಂಹದ ಕಾವಲಿತ್ತು. ಇದಕ್ಕೆ ಅಂಥ ಕಾವಲು ಸಿಗಲಿಲ್ಲ.

ಈ ಬಡ ದೇವದಾರುವಿನ ಬಗ್ಗೆ ಓದುವಾಗ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಸುಟ್ಟ ಬರಗಾಲ, ಮೈಸೂರು ಸೀಮೆಯವರು ಧಾತು ಈಶ್ವರದ ಬರ ಎನ್ನುವುದು, ಅದರಲ್ಲಿ ಹಸಿದ ಜನ ಈ ಗಿಡದ ಎಲೆ ಕಿತ್ತು ತಿಂದು ಜೀವ ಹಿಡಿದರು. ಕೋಟೆ, ಗುಮ್ಮಟ, ಶಾಸನಗಳ ಇತಿಹಾಸ ಹೇಳುವ ನನಗೆ, ಹಿಡಿ ಎಲೆಯೂ ಇತಿಹಾಸವೆಂದು ಹುಡುಗರಿಗೆ ಉಪದೇಶ ಮಾಡಿದ ನನಗೆ, ಆ ಎಲೆಯೇ ಗೊತ್ತಿರಲಿಲ್ಲ.

ಇಷ್ಟೆಲ್ಲ ಓದಿಕೊಂಡು ಒಂದು ಭಾನುವಾರ ಆಳಂದಕ್ಕೆ ಹೋದೆ. ಆ ಹುಡುಗನನ್ನೂ ಕರೆದುಕೊಂಡಿದ್ದೆ. ಗಿಡದ ಮುಂದೆ ನಿಂತು ಇಬ್ಬರೂ ಗುರುತು ಹಿಡಿಯತೊಡಗಿದೆವು. ಇಂಥ ಗಿಡಗಳನ್ನು ಗುರುತಿಸುವುದು ಕಷ್ಟದ ವಿದ್ಯೆಯಲ್ಲ, ಎಲೆ ಮತ್ತು ಕಾಯಿ ನೋಡಿದರೆ ಸಾಕು. ನಿಜವಾದ ದೇವದಾರುವಿನ ಎಲೆ ಸೂಜಿ. ಎರಡೂವರೆಯಿಂದ ಐದು ಸೆಂಟಿಮೀಟರ್ ಉದ್ದ. ಎಳೆಯ ಟೊಂಗೆಯಲ್ಲಿ ಬಿಡಿಬಿಡಿಯಾಗಿ, ಹಳೆಯ ಟೊಂಗೆಯ ಗಿಡ್ಡ ಮೊಳಕೆಗಳ ಮೇಲೆ ಇಪ್ಪತ್ತು ಮೂವತ್ತು ಸೂಜಿಗಳು ಕುಚ್ಚಿನಂತೆ ಸುತ್ತುಗಟ್ಟಿ ಇರುತ್ತವೆ. ಪೈನ್ ಆದರೆ ಎರಡು, ಮೂರು ಅಥವಾ ಐದು ಸೂಜಿಗಳ ಸಣ್ಣ ಕಟ್ಟು. ದೇವದಾರುವಿನ ಕಾಯಿ ಪೀಪಾಯಿಯಾಕಾರದ್ದು, ಕೊಂಬೆಯ ಮೇಲೆ ನೆಟ್ಟಗೆ ಕೂತಿರುತ್ತದೆ. ಬಲಿತ ಮೇಲೆ ಇಡಿಯಾಗಿ ಕೆಳಗೆ ಬೀಳುವುದಿಲ್ಲ, ಅಲ್ಲಿಯೇ ಬಿಲ್ಲೆಬಿಲ್ಲೆಯಾಗಿ ಉದುರುತ್ತದೆ. ಮರದ ತುದಿ ನೆಟ್ಟಗಿರದೆ ತುಸು ಬಾಗಿರುತ್ತದೆ.

ನಮ್ಮ ಗಿಡದಲ್ಲಿ ಸೂಜಿಯೇ ಇರಲಿಲ್ಲ. ಮೀನಿನ ಹುರುಪೆಯಂಥ ಪುಟ್ಟ ಎಲೆಗಳು ಒಂದಕ್ಕೊಂದು ಅಂಟಿಕೊಂಡು ಚಪ್ಪಟೆ ಬೀಸಣಿಗೆಗಳಾಗಿದ್ದವು. ಆ ಬೀಸಣಿಗೆಗಳು ಮಲಗಿರಲಿಲ್ಲ, ಪುಸ್ತಕದ ಹಾಳೆಗಳಂತೆ ಎದ್ದು ನಿಂತಿದ್ದವು. ಎರಡೂ ಮಗ್ಗುಲು ಒಂದೇ ಹಸಿರು. ನಡುನಡುವೆ ನೀಲಿಬೂದಿ ಬಳಿದಂಥ ಸಣ್ಣ ಕಾಯಿಗಳು, ಪ್ರತಿ ಪಕಳೆಗೂ ಕೊಕ್ಕೆಯಂಥ ಒಂದು ಕೊಂಬು. ಒಣಗಿದ ಒಂದು ಕಾಯಿಯನ್ನು ಅಂಗೈಯಲ್ಲಿ ಒಡೆದೆ. ಒಳಗೆ ರೆಕ್ಕೆಯಿಲ್ಲದ ದಪ್ಪ ಬೀಜ. ದೇವದಾರುವಿನ ಬೀಜಕ್ಕೆ ಗಾಳಿಯಲ್ಲಿ ತೇಲಲು ರೆಕ್ಕೆ ಇರುತ್ತದೆ. ಅನುಮಾನ ಉಳಿಯಲಿಲ್ಲ. ಲಿನೀಯಸ್ 1753ರಲ್ಲಿ ಥೂಜಾ ಓರಿಯಂಟಾಲಿಸ್ ಎಂದು ಕರೆದ, ಈಗ ಪ್ಲಾಟಿಕ್ಲಾಡಸ್ ಎನಿಸಿಕೊಂಡ, ನರ್ಸರಿಯವರ ಮೋರಪಂಖಿ. ನವಿಲುಗರಿ ಎಂದೇ ಅರ್ಥ.

ಮತ್ತೊಂದು ಗುರುತು ನನ್ನ ನೆನಪಿನಲ್ಲೇ ಇತ್ತು. ಶಾಲೆಯಲ್ಲಿ ಪುಸ್ತಕದ ನಡುವೆ ಇಂಥದೇ ಎಸಳು ಇಟ್ಟುಕೊಳ್ಳುತ್ತಿದ್ದೆವು. ಗಡಿಯಾಚೆಯ ಮರಾಠಿ ಮಕ್ಕಳೂ, ನಮ್ಮವರೂ ಅದಕ್ಕೆ 'ವಿದ್ಯಾ' ಅನ್ನುತ್ತಿದ್ದರು. ಪುಸ್ತಕದಲ್ಲಿಟ್ಟರೆ ವಿದ್ಯೆ ಹತ್ತುತ್ತದೆ ಎಂಬ ನಂಬಿಕೆ. ನಮ್ಮ ಮನೆಯ ಗಿಡವನ್ನು ನೋಡುತ್ತಲೇ ಬೆಳೆದ ಓಣಿಯ ಮಕ್ಕಳು ಅದರ ಎಸಳು ಕೇಳಲು ಬರುತ್ತಿದ್ದರು. ಅವರಿಗೆ ಗೊತ್ತಿತ್ತು. ನಾನು ಮಾತ್ರ ದೇವದಾರು ಎಂದು ತಿದ್ದಿ ಕಳಿಸುತ್ತಿದ್ದೆ.

ಮೋರಪಂಖಿಯ ಚರಿತ್ರೆಯೂ ಸಣ್ಣದಲ್ಲ. ಅದು ಚೀನಾದ ಗಿಡ. ಅಲ್ಲಿನ ದೇವಾಲಯಗಳ ಅಂಗಳದಲ್ಲಿ, ಸಮಾಧಿಗಳ ಬಳಿ ಶತಮಾನಗಳಿಂದ ನೆಟ್ಟು ಬಂದದ್ದು. ಇರಾನಿನಲ್ಲಿ ಅದಕ್ಕೆ ಗಡಿಗೆಯಾಕಾರದ ಸರ್ವ್ ಎಂದು ಹೆಸರು. ಸರ್ವ್ ಎಂದರೆ ಪಾರಸಿ ಕವಿಗಳು ನಲ್ಲೆಯ ನಿಲುವಿಗೆ ಹೋಲಿಸುತ್ತಿದ್ದ ಸೈಪ್ರೆಸ್. ಬಹಮನಿಗಳ ಕಾಲದಿಂದ ಪಾರಸಿ ಕೇಳಿದ ನೆಲ ನಮ್ಮದು. ಉರ್ದುವಿನ 'ಸರೂ' ಅದೇ ಪದ. ಹಿಂದಿಯಲ್ಲಿ ಗಾಳಿಮರಕ್ಕೆ ಕಾಡುಸರೂ ಎನ್ನುತ್ತಾರೆ. ಕನ್ನಡದಲ್ಲಿ ಗಾಳಿಮರಕ್ಕೆ 'ಸರ್ವೆ' ಎನ್ನುವುದೂ ಅದೇ ದಾರಿಯಲ್ಲಿ ಬಂದ ಹೆಸರೆಂದು ನನ್ನ ಊಹೆ. ಸೂಜಿಯೆಲೆಯ, ನೆಟ್ಟಗೆ ನಿಲ್ಲುವ ಗಿಡಗಳನ್ನು ಕಾಣದ ಬಯಲು ಸೀಮೆಯವರು ನಾವು. ತೊಗರಿ, ಜೋಳ, ಬೇವು, ಬನ್ನಿ, ಜಾಲಿ ನಮ್ಮವು. ಹೊರಗಿನ ಗಿಡ ಬಂದಾಗ ಕೈಗೆ ಸಿಕ್ಕ ದೊಡ್ಡ ಹೆಸರನ್ನು ಹೊದಿಸಿದೆವು.

ದೇವದಾರುವಿಗೆ 1,500ರಿಂದ 3,200 ಮೀಟರ್ ಎತ್ತರದ ಬೆಟ್ಟ ಬೇಕು, ಹಿಮ ಬೇಕು. ಅದರ ಬೀಜ ಮೊಳೆಯಲು ಕೂಡ ಕೆಲವು ವಾರ ಥಂಡಿಯಲ್ಲಿ ಇರಬೇಕು. ಸಮುದ್ರಮಟ್ಟದಿಂದ 500 ಮೀಟರೂ ಎತ್ತರವಿಲ್ಲದ, ಮೇ ತಿಂಗಳಲ್ಲಿ 44 ಡಿಗ್ರಿ ಕಾಯುವ ನಮ್ಮ ನೆಲದಲ್ಲಿ ಅದು ಇಪ್ಪತ್ತೈದು ವರ್ಷ ಬದುಕುವುದು ಆಗದ ಮಾತು. ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಮೋರಪಂಖಿಯೋ ಬಿಸಿಲಿಗೂ ಚಳಿಗೂ ಜಗ್ಗದ ಗಿಡ. ಅದಕ್ಕೆ ಆಗದಿರುವುದು ಒಂದೇ, ಬೇರಿನಲ್ಲಿ ನಿಂತ ನೀರು. ನಮ್ಮದು ಎರಿಮಣ್ಣು. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಜಿಗಿಯಾಗಿ ನೀರು ಹಿಡಿದು ಕೂರುತ್ತದೆ. 2020ರ ಮಳೆಯಲ್ಲಿ ಬೇರು ಕೊಳೆಯತೊಡಗಿತ್ತು. ಅದು ಒಣಗುತ್ತಿದೆಯೆಂದು ನಾವು ಇನ್ನಷ್ಟು ನೀರು ಹಾಕಿದೆವು. ಹಿಮಾಲಯದ ಹೆಸರಿಟ್ಟು, ಆ ಹೆಸರಿಗೆ ತಕ್ಕ ಆರೈಕೆ ಮಾಡಿ, ಗಿಡವನ್ನು ಕೊಲ್ಲುತ್ತಿದ್ದೆವು.

ಹುಡುಗ ಹೇಳಿದಂತೆ ಮಾಡಿದೆವು. ಬುಡದ ಪಾತಿ ಒಡೆದು, ನೀರು ಬಾವಿಯ ಕಡೆಯ ಕಾಲುವೆಗೆ ಹರಿಯುವಂತೆ ಇಳಿಜಾರು ತೆಗೆದೆವು. ಮೇಲಿನ ಎರಿಮಣ್ಣು ತೆಗೆದು ಗರಸು, ಉಸುಕು, ಹಳೆಯ ತಿಪ್ಪೆಗೊಬ್ಬರ ಬೆರೆಸಿ ತುಂಬಿದೆವು. ಪೂರಾ ಸತ್ತ ಟೊಂಗೆಗಳನ್ನಷ್ಟೇ ತೆಗೆದೆವು. ಈ ಜಾತಿಯ ಗಿಡವನ್ನು ಹಸಿರಿಲ್ಲದ ಹಳೆಯ ಕಟ್ಟಿಗೆಯವರೆಗೆ ಕತ್ತರಿಸಿದರೆ ಅಲ್ಲಿಂದ ಮತ್ತೆ ಚಿಗುರುವುದು ಕಡಿಮೆ. ಬೆರಳು ಮಣ್ಣಿಗಿಳಿಸಿ ಎರಡು ಇಂಚು ಒಣಗಿದ್ದರೆ ಮಾತ್ರ ನೀರು, ಇಲ್ಲದಿದ್ದರೆ ಇಲ್ಲ.

ಉಳಿದದ್ದು ಅವ್ವನಿಗೆ ಹೇಳುವುದು. ಹೇಗೆ ಹೇಳಲಿ? ಪ್ರತಿ ಅಮಾವಾಸ್ಯೆಗೆ ಆಕೆ ಆ ಗಿಡಕ್ಕೆ ಕುಂಕುಮ ಹಚ್ಚುತ್ತಾಳೆ. ಅಣ್ಣ ಕಂಡ ಬೆಟ್ಟ, ಅಣ್ಣ ನಿಂತ ನೆರಳು ಆಕೆಯ ಪಾಲಿಗೆ ಆ ಗಿಡವೇ. ಅವ್ವನ ತವರು ಅಫಜಲಪುರ ತಾಲ್ಲೂಕು, ಗಾಣಗಾಪುರದ ಹತ್ತಿರ. ನಮ್ಮ ತಾಲ್ಲೂಕಿನ ಅಮರ್ಜಾ ಹರಿದು ಹೋಗಿ ಭೀಮೆಯನ್ನು ಕೂಡುವುದು ಅಲ್ಲಿಯೇ. 'ಗುರುಚರಿತ್ರೆ'ಯ ನರಹರಿಯ ಕಥೆಯನ್ನು ಆಕೆ ಸಣ್ಣವಳಿದ್ದಾಗಿನಿಂದ ಕೇಳಿದವಳು. ಕುಷ್ಠರೋಗದಿಂದ ನೊಂದ ನರಹರಿಗೆ ನರಸಿಂಹ ಸರಸ್ವತಿಗಳು ಒಂದು ಒಣ ಔದುಂಬರದ ಕಟ್ಟಿಗೆ ಕೊಟ್ಟು, ಸಂಗಮದಲ್ಲಿ ನೆಟ್ಟು ನೀರು ಹಾಕು ಎಂದರು. ಕಂಡವರೆಲ್ಲ ನಕ್ಕರು. ಆತ ನೀರು ಹಾಕುವುದನ್ನು ಬಿಡಲಿಲ್ಲ, ಕಟ್ಟಿಗೆ ಚಿಗುರಿತು. ಇಂಥ ಕಥೆ ಕೇಳಿ ಬೆಳೆದವಳಿಗೆ 'ನೀರು ಹಾಕಬೇಡ' ಎನ್ನುವುದು, ಜೊತೆಗೆ 'ಇದು ಅಣ್ಣ ಹೇಳಿದ ಗಿಡವೂ ಅಲ್ಲ' ಎನ್ನುವುದು!

ಕೈ ತೊಳೆದುಕೊಂಡು ಕಟ್ಟೆಯ ಮೇಲೆ ಕೂತು, ತಡವರಿಸುತ್ತ ಹೇಳಿಯೇಬಿಟ್ಟೆ. ಅವ್ವ ನನ್ನ ಮುಖ ನೋಡಿದಳು.

'ಅದು ನನಗ ಗೊತ್ತದಲ್ಲಪಾ. ತಂದ ದಿನಾನೇ ನಿಮ್ಮಣ್ಣ ಹೇಳಿದ್ದ. ಅವ್ವಾ, ಆ ಗಿಡ ಇಲ್ಲಿ ಬದಕಂಗಿಲ್ಲ, ಇದು ಬ್ಯಾರೆ ಅದ, ನೋಡಾಕ ಸ್ವಲ್ಪ ಹಂಗೇ ಕಾಣ್ತದ, ನಾವು ದೇವದಾರ ಅನ್ನೋಣು ಅಂದಿದ್ದ. ನೀ ಆಗ ಧಾರವಾಡದಾಗ ಓದ್ಲಿಕ್ಕ ಇದ್ದಿ.'

ನಾನು ಸುಮ್ಮನಾದೆ. ಮೂರು ವರ್ಷ ದೇವದಾರುಗಳ ಕೆಳಗೆ ಗಾಡಿ ಓಡಿಸಿದವನು ಮೋರಪಂಖಿಯನ್ನು ದೇವದಾರು ಎಂದು ನಂಬಿ ಮೋಸಹೋಗುವುದು ಸಾಧ್ಯವೇ? ಪುಸ್ತಕಗಳಲ್ಲೆಲ್ಲ ತಡಕಾಡಿದ ನನಗೆ ಈ ಸರಳ ಪ್ರಶ್ನೆ ಹೊಳೆದಿರಲಿಲ್ಲ. ಇತಿಹಾಸದಲ್ಲಿ ಸಾಕ್ಷಿ ಯಾರೆಂದು ಮೊದಲು ಕೇಳಬೇಕು ಎಂದು ಹುಡುಗರಿಗೆ ಪಾಠ ಹೇಳುತ್ತೇನೆ. ನಮ್ಮ ಮನೆಯ ಸಾಕ್ಷಿ ಇಪ್ಪತ್ತೈದು ವರ್ಷ ನನ್ನೆದುರಿಗೇ ರೊಟ್ಟಿ ಬಡಿಯುತ್ತ ಕೂತಿದ್ದಳು.

'ಮತ್ತ ಅಷ್ಟು ನೀರ ಯಾಕ ಹಾಕ್ತಿದ್ದಿ?' ಎಂದು ಕೇಳಿದೆ.

'ನೀನೇ ಅಲ್ಲೇನು ಹಿಮಾಲಯದ ಗಿಡ, ನೀರ ಬೇಕು ಅಂತ ಹೇಳಿದಾಂವ? ಓದಿದಾಂವ ಇದ್ದಿ, ಖರೇ ಇರ್ಬೇಕು ಅಂದ್ಕೊಂಡೆ' ಅಂದಳು.

ಹುಡುಗ ಬೇರೆ ಕಡೆ ಮುಖ ಮಾಡಿ ನಕ್ಕ. ಅವನಿಗೆ ಅವ್ವ ಶೇಂಗಾ ಹಿಂಡಿ, ರೊಟ್ಟಿ ಕೊಟ್ಟು ಉಣಿಸಿದಳು.

ಎರಡು ಮಳೆಗಾಲ ಕಳೆದಿವೆ. ಸತ್ತ ಮಗ್ಗುಲು ತುಂಬಿಕೊಂಡಿಲ್ಲ, ಬಹುಶಃ ತುಂಬಿಕೊಳ್ಳುವುದೂ ಇಲ್ಲ. ಉಳಿದ ಮಗ್ಗುಲಲ್ಲಿ ಹೊಸ ಹಸಿರು ಬಂದಿದೆ, ನೀಲಿಬೂದಿ ಕಾಯಿಗಳೂ ಬಂದಿವೆ. ಬಲಿತ ಕಾಯಿಯ ಬೀಜಗಳನ್ನು ಆ ಹುಡುಗ ಒಯ್ದು ಚೀಲಗಳಲ್ಲಿ ಹಾಕಿದ್ದ, ಆರು ಸಸಿ ಎದ್ದಿವೆ. ಒಂದನ್ನು ಜೇವರ್ಗಿಯ ನನ್ನ ಬಾಡಿಗೆ ಮನೆಯ ಮುಂದೆ ಕುಂಡದಲ್ಲಿಟ್ಟಿದ್ದೇನೆ. ಪಕ್ಕದ ಮನೆಯ ಹುಡುಗಿ ಬಂದು ಏನು ಗಿಡ ಎಂದು ಕೇಳಿದಳು. ಮೋರಪಂಖಿ, ಅಂದೆ. ನಮ್ಮ ಮನೆಯಲ್ಲಿ ಅದಕ್ಕೆ ದೇವದಾರು ಅಂತಾರೆ, ಅಂತಲೂ ಸೇರಿಸಿದೆ. ಆಕೆ ಒಂದು ಎಸಳು ಕೇಳಿದಳು, ಪುಸ್ತಕದಲ್ಲಿಟ್ಟುಕೊಳ್ಳಲು. ಗಿಡ ಇನ್ನೂ ಗೇಣುದ್ದ. ಬರುವ ವರ್ಷ ಬಾ ಎಂದು ಕಳಿಸಿದೆ.